ಹೆಪ್ಪು ಕೂಡದ ಅಮೀಬಾ

ಪುಣೆಯ ಲ್ಯಾಬಿಗೆ ಸೇರಿದ ಹೊಸತರಲ್ಲಿ ಅವ್ವ ಧಾರವಾಡದಿಂದ ಫೋನ್ ಮಾಡಿ, "ಏನ್ ಕೆಲಸ ಕೊಟ್ಟಾರವಾ?" ಎಂದಳು. "ಅಮೀಬಾ ಸಾಕೋದು" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಲು ಕೊಡ್ತಾವೇನು?" ಎಂದು ಕೇಳಿದಳು.

ಎಲ್ಲಿಯ ಹಾಲು! ಮೇವು ಹಾಕುವುದಷ್ಟೇ ನಮ್ಮ ಪಾಲಿಗೆ.

ನನಗೆ ಗಂಟುಬಿದ್ದದ್ದು ಮಣ್ಣಿನಲ್ಲಿ ಬದುಕುವ ಅಮೀಬಾ ಡಿಕ್ಟಿಯೋಸ್ಟೀಲಿಯಮ್‌ನ ಎನ್‌ಸಿ4 ತಳಿ. 1933ರಲ್ಲಿ ಕೆನೆತ್ ರೇಪರ್ ಎಂಬುವರು ಅಮೆರಿಕದ ನಾರ್ತ್ ಕೆರೊಲಿನಾದ ಕಾಡಿನ ತರಗೆಲೆಯಿಂದ ಹಿಡಿದು ತಂದದ್ದರ ವಂಶ. ಬೀಜಕಗಳನ್ನು ಸಿಲಿಕಾ ಜೆಲ್ ಹರಳಿನ ಮೇಲೆ ಒಣಗಿಸಿ ಫ್ರಿಜ್ಜಿನಲ್ಲಿಟ್ಟರೆ ವರ್ಷಗಟ್ಟಲೆ ಮಲಗಿರುತ್ತವೆ. ಎಬ್ಬಿಸುವುದು ಬಲು ಸುಲಭವಂತೆ: ಜೆಲ್ಲಿಯಂಥ ಅಗರ್ ಹಾಕಿದ ತಟ್ಟೆಗೆ ಇವುಗಳ ಮೇವಾದ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಸವರು, ಮೇಲೆ ನಾಲ್ಕು ಹರಳು ಉದುರಿಸು, 22 ಡಿಗ್ರಿಯಲ್ಲಿಡು.

ನಾನು 37ರಲ್ಲಿಟ್ಟೆ. ಆ ಇನ್‌ಕ್ಯುಬೇಟರಿನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಸುಖವಾಗಿತ್ತಲ್ಲ, ಇವಕ್ಕೇನು ದೊಡ್ಡಸ್ತಿಕೆ ಎಂದುಕೊಂಡೆ. ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯಿತು. ಅಡಿಗೆ ತಯಾರು, ಉಣ್ಣುವವರೇ ಇಲ್ಲ.

ಎರಡನೇ ಸಲ ಬಿಸಿ ಸರಿಯಿತ್ತು, ಕೈ ಸುಮ್ಮನಿರಲಿಲ್ಲ. ಗಂಟೆಗೊಮ್ಮೆ ಮುಚ್ಚಳ ತೆಗೆದು ಇಣುಕಿದೆ. ನಾಲ್ಕನೇ ದಿನ ತಟ್ಟೆಯ ತುಂಬ ಕಪ್ಪು ಬೂಸ್ಟು. ಮೂರನೆಯದನ್ನು ಪುಣೆಯ ಗುರುವಾರದ ಕರೆಂಟು ಕಡಿತ ನುಂಗಿತು. ಏಪ್ರಿಲ್ ಬಿಸಿಲು, ಏಸಿ ಬಂದ್.

ಅವ್ವನ ಹತ್ತಿರ ಗೋಳು ಹೇಳಿಕೊಂಡೆ. "ಹೆಪ್ಪು ಹಾಕಿ ಗಳಿಗಿಗೊಮ್ಮೆ ಮುಚ್ಚಳಾ ತಗದು ನೋಡಿದ್ರ ಮೊಸರು ಹೆಂಗ ಆಗತದ? ಅದಕ್ಕೂ ಮರ್ಯಾದಿ ಇರತದವಾ. ಪಂಚಮಿಗೆ ಬಾ, ಉಂಡಿ ಮಾಡೀನಿ."

ತಟ್ಟೆ ಹಾಕಿಟ್ಟು, ದೇವರ ಮೇಲೆ ಭಾರ ಹಾಕಿ ಊರಿಗೆ ಹೋದೆ. ಐದು ದಿನ ಉಂಡಿ ತಿಂದು, ಜೋಕಾಲಿ ಆಡಿ ವಾಪಸಾದರೆ, ಬ್ಯಾಕ್ಟೀರಿಯಾದ ಹಾಸಿನಲ್ಲಿ ದೋಸೆಯಲ್ಲಿ ಬಿದ್ದಂತೆ ತೂತುಗಳು! ತಿಂದು ಖಾಲಿ ಮಾಡಿದ ಜಾಗ ಅದು. ಅಲ್ಲಲ್ಲಿ ಕೂದಲಿನಂಥ ದಂಟು, ತುದಿಗೊಂದು ಮುತ್ತು.

ಊಟ ಮುಗಿದರೆ ಇವು ಒಂದಕ್ಕೊಂದು ರಾಸಾಯನಿಕದಲ್ಲಿ ಕೂಗಿ ಕರೆದು, ಸುಮಾರು ಒಂದು ಲಕ್ಷದವರೆಗೂ ಒಟ್ಟುಗೂಡಿ, ಒಂದೇ ಮೈಯಾಗಿ ತೆವಳುತ್ತವೆ. ಪುಣೆಯ ನಾವು ಕನ್ನಡಿಗರು ತದ್ವಿರುದ್ಧ. ರಾಜ್ಯೋತ್ಸವದ ಕರೆಯೋಲೆಯ ಕೆಳಗೆ 'ಬಿಸಿಬೇಳೆಭಾತ್ ಇದೆ' ಎಂದು ಬರೆಯದಿದ್ದರೆ ಸಭಾಂಗಣದಲ್ಲಿ ಕುರ್ಚಿಗಳೇ ಭಾಷಣ ಕೇಳಬೇಕು. ಆಮೇಲೆ ಐದರಲ್ಲೊಂದು ಪಾಲು ಅಮೀಬಾ ದಂಟಾಗಿ ಸಾಯುತ್ತವೆ, ಉಳಿದವು ಅದರ ನೆತ್ತಿಯ ಮೇಲೆ ಬೀಜಕವಾಗಿ ಬದುಕುತ್ತವೆ. ಇದೊಂದು ಮಾತ್ರ ನಮ್ಮ ಸಂಘದ ಥರವೇ. ಬಡಿಸಲು ನಿಂತವರಿಗೆ ಭಾತ್ ಉಳಿದದ್ದನ್ನು ನಾನಂತೂ ಕಂಡಿಲ್ಲ.

ಗೈಡ್ ತಟ್ಟೆಯನ್ನು ಬೆಳಕಿಗೆ ಹಿಡಿದು, "ಈ ಸಲ ಏನು ಬದಲಾಯಿಸಿದೆ? ನೋಟ್‌ಬುಕ್ಕಿನಲ್ಲಿ ಬರೆದಿಡು" ಎಂದರು. ಬರೆದಿದ್ದೇನೆ: 'ಹರಳು ಉದುರಿಸಿದ ಮೇಲೆ ಐದು ದಿನ ರಜೆ ಹಾಕುವುದು.' ಇನ್ನೂ ಸಹಿ ಬಿದ್ದಿಲ್ಲ.