ಮೆಷಿನ್ ಕೆಟ್ಟಿತ್ತು ಅನ್ನುವುದು ಮಾಲೀಕನಿಗೆ ನೆಪವಲ್ಲ

"ಮೆಷಿನ್ ಪ್ರಾಬ್ಲಮ್ಮು ಕಣಪ್ಪಾ, ಅದಕ್ಕೆ ನಾನೇನು ಮಾಡ್ಲಿ?" ಬೆರಳು ಕಳೆದುಕೊಂಡ ಹುಡುಗನ ಎದುರು ನಿಂತು ಹೀಗೆ ಹೇಳುವ ಮಾಲೀಕರು ಬೆಂಗಳೂರಿನ ಕಾಮಾಕ್ಷಿಪಾಳ್ಯ, ಪೀಣ್ಯ ಕಡೆ ಕಡಿಮೆಯೇನಿಲ್ಲ. ನಾನೂ ಅಲ್ಲೇ ಒಂದು ಚಿಕ್ಕ ಫ್ಯಾಬ್ರಿಕೇಷನ್ ಶೆಡ್ ನಡೆಸುವವನು. ಗೇಟು, ಗ್ರಿಲ್ಲು, ಶೀಟಿನ ಕೆಲಸ. ಮಾಲೀಕನಾಗಿಯೇ ಹೇಳುತ್ತೇನೆ, ಈ ಮಾತಿಗೆ ಕಾನೂನಿನಲ್ಲಿ ಕಾಸಿನ ಬೆಲೆಯಿಲ್ಲ. ಮೆಷಿನ್ನಿನಲ್ಲೇ ದೋಷವಿದ್ದರೆ ಕಾರ್ಮಿಕನಿಗೆ ಇರುವ ದಾರಿ ಮುಚ್ಚಿಹೋಗುವುದಿಲ್ಲ, ಅದರ ಜೊತೆಗೆ ಇನ್ನೊಂದು ತೆರೆಯಬಹುದು.

ಇದನ್ನು ಬರೆಯಲು ಕಾರಣ ನಮ್ಮ ರಸ್ತೆಯ ಇನ್ನೊಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದ ಯಾದಗಿರಿ ಕಡೆಯ ಹುಡುಗ. ವಯಸ್ಸು ಮೂವತ್ತು. ಕಬ್ಬಿಣ ಕೊಯ್ಯುವ ನಾಲ್ಕಿಂಚಿನ ಗ್ರೈಂಡರ್‌ನ ಸ್ವಿಚ್ ಆನ್ ಆದಲ್ಲೇ ಸಿಕ್ಕಿಕೊಂಡಿತ್ತು. ವೀಲ್ ಬದಲಾಯಿಸಿ, ಮೆಷಿನ್ ಕೈಯಲ್ಲಿ ಹಿಡಿದೇ ಪ್ಲಗ್ ಹಾಕಿದ. ಅದು ತಕ್ಷಣ ತಿರುಗಿತು. ಖಾಲಿ ಓಡುವಾಗ ಈ ಮೆಷಿನ್ನುಗಳು ನಿಮಿಷಕ್ಕೆ ಸುಮಾರು 11,000 ಸುತ್ತು ಹೊಡೆಯುತ್ತವೆ, ಕೈ ಹಿಂದಕ್ಕೆ ಎಳೆದುಕೊಳ್ಳಲು ಸಮಯವೇ ಸಿಗುವುದಿಲ್ಲ. ಬಲಗೈ ಹೆಬ್ಬೆರಳು ಹೋಯಿತು. ಆಸ್ಪತ್ರೆ ಚೀಟಿಯಲ್ಲಿ "ಮನೆಯಲ್ಲಿ ಆದ ಗಾಯ" ಎಂದು ಅವನ ಮಾಲೀಕರು ಬರೆಸಿದರು. ಮಾರನೇ ದಿನವೇ ಆ ಗ್ರೈಂಡರ್ ರಿಪೇರಿಗೆ ಹೋಯಿತು, ಹೊಸ ಸ್ವಿಚ್ ಬಂತು. ಆಮೇಲೆ ಎಪ್ಪತ್ತು ಸಾವಿರ ಕೈಗಿಟ್ಟು ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ನಾನು ವಿಚಾರಿಸಿದಾಗ ಆ ಹುಡುಗ ಹೇಳಿದ್ದು ಇಷ್ಟು: "ಸಾವ್ಕಾರ್ರು ದವಾಖಾನಿ ಬಿಲ್ ಕಟ್ಯಾರ್ರಿ ಅಣ್ಣಾ, ಇನ್ನ ಮ್ಯಾಲ ಹ್ಯಾಂಗ್ ಕೇಳ್ಲಿ?"

ಕೇಳಬಹುದು. ಕೇಳಲೇಬೇಕು.

1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ ಕೆಲಸದಲ್ಲಿ, ಕೆಲಸದ ಕಾರಣದಿಂದ ಅಪಘಾತವಾದರೆ ಮಾಲೀಕ ಪರಿಹಾರ ಕೊಡಬೇಕು. ಅವನ ತಪ್ಪು ಇತ್ತೇ, ಮೆಷಿನ್ ಕಂಪನಿಯ ತಪ್ಪೇ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಇದೇ ವ್ಯವಸ್ಥೆ 2020ರ ಸಾಮಾಜಿಕ ಭದ್ರತಾ ಸಂಹಿತೆಯ 7ನೇ ಅಧ್ಯಾಯದಲ್ಲಿದೆ. ಆ ಸಂಹಿತೆ ಹಳೇ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಎಷ್ಟು ಕೊಡಬೇಕು ಅನ್ನುವುದನ್ನೂ ಮಾಲೀಕನ ಕರುಣೆಗೆ ಬಿಟ್ಟಿಲ್ಲ. ಹಳೇ ಕಾಯ್ದೆಯ ಪಟ್ಟಿಯಲ್ಲೇ ಹೆಬ್ಬೆರಳು ಪೂರ್ತಿ ಹೋದರೆ ದುಡಿಮೆಯ ಶಕ್ತಿ 30 ಶೇಕಡಾ ನಷ್ಟ, ತೋರುಬೆರಳಿಗೆ 14, ಒಂದೇ ಕೈಯ ನಾಲ್ಕು ಬೆರಳಿಗೆ 50 ಎಂದು ಬರೆದಿದೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರ ಜನವರಿಯಲ್ಲಿ ತಿಂಗಳಿಗೆ 15,000ಕ್ಕೆ ಏರಿಸಿದರು. ಆ ಹುಡುಗನಿಗೆ ಅದಕ್ಕಿಂತ ಹೆಚ್ಚೇ ಬರುತ್ತಿತ್ತು, ಹಾಗಾಗಿ ಪೂರ್ತಿ 15,000 ಹಿಡಿಯೋಣ. ಅದರ 60 ಶೇಕಡಾ 9,000. ಮೂವತ್ತು ವಯಸ್ಸಿಗೆ ಕಾಯ್ದೆ ಕೊಟ್ಟಿರುವ ಗುಣಕ 207.98. ಗುಣಿಸಿದರೆ 18,71,820. ಅದರ 30 ಶೇಕಡಾ ಅಂದರೆ 5,61,546 ರೂಪಾಯಿ. ಅವನ ಕೈಗೆ ಬಂದದ್ದು ಎಪ್ಪತ್ತು ಸಾವಿರ. ಆಸ್ಪತ್ರೆ ಬಿಲ್ಲು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಚಿಕಿತ್ಸೆಯ ಖರ್ಚು ಕೊಡುವುದು ಮಾಲೀಕನ ಬೇರೆಯೇ ಹೊಣೆ. ಬಿಲ್ ಕಟ್ಟಿ ಉಪಕಾರ ಮಾಡಿದೆ ಅಂದುಕೊಳ್ಳುವವರು ಇದನ್ನು ಇನ್ನೊಮ್ಮೆ ಓದಿ. ಹಳೇ ಕಾಯ್ದೆಯಂತೆ ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಶೇಕಡಾ ಬಡ್ಡಿ ಸೇರುತ್ತದೆ, ಸಕಾರಣವಿಲ್ಲದೆ ಎಳೆದಾಡಿದರೆ ಅರ್ಧದವರೆಗೂ ದಂಡ ಬೀಳಬಹುದು.

ಸಹಿ ಹಾಕಿಸಿಕೊಂಡ ಹಾಳೆಯ ಕಥೆಯೂ ಅಷ್ಟೇ. ಕಾರ್ಮಿಕ ತನ್ನ ಹಕ್ಕು ಬಿಟ್ಟುಕೊಡುವ ಒಪ್ಪಂದವನ್ನು ಹಳೇ ಕಾಯ್ದೆಯ 17ನೇ ಕಲಂ ಅಸಿಂಧು ಮಾಡಿತ್ತು. ಪರಿಹಾರದ ಒಪ್ಪಂದವನ್ನು ಪರಿಹಾರ ತೀರ್ಮಾನಿಸುವ ಆಯುಕ್ತರ ಬಳಿ ನೋಂದಾಯಿಸಬೇಕು. ನೋಂದಾಯಿಸದೇ ಕೈಗೆ ಕಾಸು ಕೊಟ್ಟ ಮಾಲೀಕ ಪೂರ್ತಿ ಮೊತ್ತಕ್ಕೆ ಹೊಣೆಯಾಗಿಯೇ ಉಳಿಯುತ್ತಾನೆ, ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸಾಮಾನ್ಯವಾಗಿ ಮುರಿದುಕೊಳ್ಳುವಂತೆಯೂ ಇಲ್ಲ. ಆದ್ದರಿಂದ ಸಹಿ ಹಾಕಿಬಿಟ್ಟೆ, ಎಲ್ಲ ಮುಗಿಯಿತು ಎಂದು ಊರಿಗೆ ಹೊರಡಬೇಡಿ. ಹಳೇ ಕಾಯ್ದೆಯಲ್ಲಿ ಕ್ಲೇಮು ಹಾಕಲು ಅಪಘಾತವಾದ ದಿನದಿಂದ ಎರಡು ವರ್ಷ ಸಮಯವಿತ್ತು. ತಡವಾಗಿದ್ದರೂ ಒಪ್ಪುವಂಥ ಕಾರಣವಿದ್ದರೆ ಆಯುಕ್ತರು ಕೇಳುತ್ತಾರೆ.

ಮಾಲೀಕರ ಕಡೆಯಿಂದ ಬರುವ ಎರಡನೇ ಮಾತು "ಅವನೇ ಗಾರ್ಡ್ ಬಿಚ್ಚಿದ್ದ". ಇದರಲ್ಲಿ ಸ್ವಲ್ಪ ಜೋರಿದೆ, ಅದನ್ನು ಮುಚ್ಚಿಡುವುದಿಲ್ಲ. ಸುರಕ್ಷತೆಗೆ ಕೊಟ್ಟಿದ್ದ ಗಾರ್ಡನ್ನು ಕಾರ್ಮಿಕ ಗೊತ್ತಿದ್ದೂ ಬೇಕಂತಲೇ ತೆಗೆದಿದ್ದರೆ, ಅಥವಾ ಕುಡಿದಿದ್ದರಿಂದಲೇ ಅಪಘಾತವಾಗಿದ್ದರೆ ಪರಿಹಾರ ತಪ್ಪಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದರೆ ಆ ನೆಪವೂ ನಡೆಯುವುದಿಲ್ಲ. ಆದರೆ ನಮ್ಮ ಶೆಡ್‌ಗಳಲ್ಲಿ ಗಾರ್ಡ್ ಬಿಚ್ಚುವುದು ಯಾರು? ಬಹಳ ಕಡೆ ಹೊಸ ಮೆಷಿನ್ ಡಬ್ಬಿಯಿಂದ ಹೊರಬಂದ ದಿನವೇ ಗಾರ್ಡ್ ಮೂಲೆ ಸೇರುತ್ತದೆ. ಬಡಗಿ ಕೆಲಸದವರು ಗ್ರೈಂಡರಿಗೆ ಮರ ಕೊಯ್ಯುವ ಬ್ಲೇಡ್ ಹಾಕಲೆಂದೇ ಬಿಚ್ಚುತ್ತಾರೆ, ಮೇಸ್ತ್ರಿಯೇ ಹಾಗೆ ಮಾಡು ಅನ್ನುತ್ತಾನೆ. ಬಿಚ್ಚಿದ ಮೆಷಿನ್ ಕೈಗೆ ಕೊಟ್ಟು ಕೆಲಸ ಮಾಡು ಅಂದ ಮೇಲೆ ಹೆಲ್ಪರ್ ಹುಡುಗನನ್ನು ದೂರುವುದು ಅನ್ಯಾಯ. ಅವನ ಜೊತೆ ಕೆಲಸ ಮಾಡಿದವರು ಆ ಸತ್ಯವನ್ನು ಹೇಳಬೇಕು.

ಪಟ್ಟಿಯ ಶೇಕಡಾವಾರು ಕೂಡ ಕೊನೆಯ ಮಾತಲ್ಲ. 1975ರಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಒಬ್ಬ ಬಡಗಿಯ ಪ್ರಕರಣ ತೀರ್ಮಾನಿಸಿದರು. ಎಡಗೈಯನ್ನು ಮೊಣಕೈ ಮೇಲಿನವರೆಗೆ ತೆಗೆಯಬೇಕಾಗಿ ಬಂದಿದ್ದವನು. ಪಟ್ಟಿಯಂತೆ ಪೂರ್ತಿ ನಷ್ಟವಲ್ಲ ಎಂದು ಮಾಲೀಕ ವಾದಿಸಿದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗುವುದಿಲ್ಲ, ಆದ್ದರಿಂದ ಇದು ನೂರಕ್ಕೆ ನೂರು ನಷ್ಟವೇ ಎಂದು ಕೋರ್ಟು ಒಪ್ಪಿತು. ಪರಿಹಾರ ಅಪಘಾತದ ದಿನದಿಂದಲೇ ಬಾಕಿ ಎಂದೂ ಹೇಳಿತು. ಯಾವ ಬೆರಳು ಹೋಯಿತು ಅನ್ನುವುದರ ಜೊತೆಗೆ ಯಾವ ಕೆಲಸ ಹೋಯಿತು ಅನ್ನುವುದನ್ನೂ ಅರ್ಜಿಯಲ್ಲಿ ಬಿಡಿಸಿ ಬರೆಸಿ.

ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ ಇದ್ದವರ ದಾರಿ ಬೇರೆ. ಹತ್ತು ಅಥವಾ ಹೆಚ್ಚು ಜನರಿರುವ ಕಾರ್ಖಾನೆ, ತಿಂಗಳ ಸಂಬಳ 21,000ದ ಒಳಗೆ ಇದ್ದರೆ ಪರಿಹಾರ ಅಲ್ಲಿಂದ. ಅದೇ ಗಾಯಕ್ಕೆ ಮಾಲೀಕನ ಮೇಲೆ ಮತ್ತೆ ಪರಿಹಾರದ ಕೇಸು ನಡೆಯುವುದಿಲ್ಲ.

ಇನ್ನು ಮೆಷಿನ್ ಮಾಡಿದವರು, ಮಾರಿದವರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ಉತ್ಪನ್ನದ ಹೊಣೆಗೆಂದೇ ಒಂದು ಅಧ್ಯಾಯವಿದೆ, 82ರಿಂದ 87ನೇ ಕಲಂ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಸರಿಯಾದ ಎಚ್ಚರಿಕೆ ಬರೆಯದಿರುವುದು, ಎಲ್ಲವೂ ಅದರಲ್ಲಿ ಬರುತ್ತವೆ. ಸ್ವಂತ ದುಡಿಮೆಗೆ ತಾನೇ ಮೆಷಿನ್ ಕೊಂಡ ಬಡಗಿ, ಪ್ಲಂಬರ್, ಟೈಲ್ಸ್ ಕೆಲಸದವನಿಗೆ ಈ ದಾರಿ ಹೆಚ್ಚು ಸಲೀಸು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ತಾನಿರುವ ಊರಲ್ಲೇ ದೂರು ಕೊಡಬಹುದು, ವಕೀಲರಿಲ್ಲದೆಯೂ ವಾದಿಸಬಹುದು. ಮಾಲೀಕ ಕೊಂಡ ಮೆಷಿನ್ನಿಂದ ಗಾಯವಾದ ಕೂಲಿಯವನ ವಿಷಯದಲ್ಲಿ ಕಂಪನಿ ವಕೀಲರು "ಇವನು ಗ್ರಾಹಕನೇ ಅಲ್ಲ, ಇದು ವ್ಯಾಪಾರದ ಬಳಕೆ" ಎಂದು ತಕರಾರು ತೆಗೆಯುತ್ತಾರೆ. ಅಂಥವರು ಸಿವಿಲ್ ದಾವೆಯ ಬಗ್ಗೆಯೂ ಕೇಳಿ ತಿಳಿದುಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ. ಕಾರ್ಖಾನೆಗೆಂದು ಮಾಲೀಕ ಕೊಂಡಾಗ ಕಂಪನಿ ಅವನಿಗೆ ಸೂಚನೆಗಳನ್ನು ಕೊಟ್ಟಿದ್ದರೆ, ಎಚ್ಚರಿಕೆ ಹೇಳಲಿಲ್ಲ ಎಂದು ಕಂಪನಿಯನ್ನು ಹಿಡಿಯಲಾಗದು. ಡಬ್ಬಿಯೊಳಗಿನ ಆ ಪುಸ್ತಕವನ್ನು ನಾವು ಓದದೆ, ಹುಡುಗರಿಗೆ ಹೇಳದೆ ಡ್ರಾಯರಿಗೆ ಹಾಕಿದರೆ ಬೊಟ್ಟು ನಮ್ಮ ಕಡೆಗೇ ತಿರುಗುತ್ತದೆ.

ಎಸ್.ಜೆ.ಪಿ. ರಸ್ತೆಯಂಥ ಕಡೆ ಹೆಸರೇ ಇಲ್ಲದ ಮೆಷಿನ್ನುಗಳೂ ಸಿಗುತ್ತವೆ. ಮಾಡಿದವರು ಯಾರೆಂದೇ ಗೊತ್ತಾಗದಿದ್ದರೆ 86ನೇ ಕಲಂ ಪ್ರಕಾರ ಮಾರಿದ ಅಂಗಡಿಯವನೇ ಹೊಣೆಯಾಗಬಹುದು. ಬಿಲ್ಲಿಲ್ಲದಿದ್ದರೆ ಯಾವ ಅಂಗಡಿ ಎಂದು ತೋರಿಸುವುದು ಹೇಗೆ? ಸೀರಿಯಲ್ ನಂಬರ್ ಬರೆದ ಬಿಲ್ಲು ಕೊಡದವರ ಹತ್ತಿರ ಇನ್ನೂರು ರೂಪಾಯಿ ಉಳಿತಾಯಕ್ಕಾಗಿ ಕೊಳ್ಳಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಮೆಷಿನ್ ಕೈಬಿಡಬೇಡಿ. ದೋಷವಿತ್ತೋ ಇಲ್ಲವೋ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ಗ್ರಾಹಕ ಆಯೋಗಕ್ಕೆ ಅಧಿಕಾರವಿದೆ. ಸ್ವಿಚ್ ಬದಲಾದ ಮೇಲೆ ಪರೀಕ್ಷೆ ಮಾಡಲು ಏನು ಉಳಿದಿರುತ್ತದೆ? ಜೊತೆಯಲ್ಲಿದ್ದವರು ಅವತ್ತೇ ಮೊಬೈಲಿನಲ್ಲಿ ಸ್ವಿಚ್ಚು, ವೈರು, ಪ್ಲಗ್ಗು, ಮೆಷಿನ್ ಮೇಲಿನ ಹೆಸರಿನ ಫಲಕ ಎಲ್ಲದರ ಫೋಟೊ, ವಿಡಿಯೊ ತೆಗೆದಿಡಿ. ವೀಲ್ ಒಡೆದಿದ್ದರೆ ಚೂರುಗಳನ್ನೂ ಎತ್ತಿಡಿ. ಎಷ್ಟೋ ಕಟಿಂಗ್ ವೀಲ್‌ಗಳ ನಡುವಿನ ಲೋಹದ ಬಳೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಅದೇ ಸಾಕ್ಷಿಯಾಗುತ್ತದೆ. ಆಸ್ಪತ್ರೆಯಲ್ಲಿ ಯಾರು ಏನೇ ಹೇಳಿಕೊಡಲಿ, ಎಲ್ಲಿ, ಯಾವ ಮೆಷಿನ್ನಿಂದ ಆಯಿತೋ ಹಾಗೆಯೇ ಬರೆಸಿ.

ನನ್ನಂಥ ಮಾಲೀಕರಿಗೂ ಮೆಷಿನ್ ಎತ್ತಿಡುವುದರಲ್ಲಿ ಲಾಭವಿದೆ. 1923ರ ಹಳೇ ಕಾಯ್ದೆಯ 13ನೇ ಕಲಂ ಪ್ರಕಾರ, ಗಾಯಕ್ಕೆ ಕಾನೂನಿನಂತೆ ಹೊಣೆಯಾದ ಮೂರನೆಯವನೊಬ್ಬ ಇದ್ದರೆ, ನಾವು ಕಟ್ಟಿದ ಪರಿಹಾರವನ್ನು ಅವನಿಂದ ವಸೂಲಿ ಮಾಡಬಹುದಿತ್ತು. ಕಂಪನಿಯ ಮೇಲೆ ಸಿಟ್ಟಿದ್ದರೆ ಕಂಪನಿಯ ಮೇಲೆ ಕೇಸು ಹಾಕೋಣ. ಮೊದಲು ಹುಡುಗನಿಗೆ ಸಲ್ಲಬೇಕಾದದ್ದು ಸಲ್ಲಲಿ. ಪರಿಹಾರಕ್ಕೆಂದೇ ವಿಮಾ ಪಾಲಿಸಿಗಳಿವೆ, ಐದಾರು ಜನರ ಶೆಡ್ಡಿಗೂ ಸಿಗುತ್ತವೆ, ಮಾಡಿಸಿ.

ಕಟ್ಟಡದ ಸೈಟಿನಲ್ಲಿ ಕಂಟ್ರಾಕ್ಟರ್ ಫೋನ್ ಎತ್ತದಿದ್ದರೆ ಕೆಲಸ ವಹಿಸಿದ ಬಿಲ್ಡರ್ ಮೇಲೂ ಕ್ಲೇಮು ಹಾಕಬಹುದು. ನಿರ್ಮಾಣ ಕಾರ್ಮಿಕರ ಕಾರ್ಡ್ ಇದ್ದವರು ಬನ್ನೇರುಘಟ್ಟ ರಸ್ತೆಯಲ್ಲಿರುವ ಕಲ್ಯಾಣ ಮಂಡಳಿಯ ಕಚೇರಿಯಲ್ಲಿ ಅಪಘಾತ ಸಹಾಯಧನಕ್ಕೂ ವಿಚಾರಿಸಿ. ವಕೀಲರಿಗೆ ದುಡ್ಡಿಲ್ಲ ಅನ್ನುವ ಚಿಂತೆ ಬೇಡ. ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100. ಆ ಯಾದಗಿರಿ ಹುಡುಗನಿಗೂ ಇದೇ ನಂಬರ್ ಕೊಟ್ಟಿದ್ದೇನೆ, ಅವನ ಎರಡು ವರ್ಷ ಇನ್ನೂ ಮುಗಿದಿಲ್ಲ.