ಚಕ್ರವರ್ತಿಗೊಂದು ಕ್ಯಾಲೆಂಡರ್

ತಂಗಿಯ ಮಗ ಒಂದು ಸಾಮ್ರಾಜ್ಯ ಕಟ್ಟುತ್ತಿದ್ದಾನೆ, ಕಾಗದದ ಮೇಲೆ. ಭಾನುವಾರ ಸಂಜೆ ಗೆಳೆಯರ ಜೊತೆ ಕೂತು, ದಾಳ ಉರುಳಿಸುತ್ತಾ ಆಡುವ ಕಥೆಯಾಟ ಅದು. ನಕ್ಷೆ ಆಗಿದೆ, ಸೈನ್ಯ ಆಗಿದೆ, ಎರಡು ಡ್ರ್ಯಾಗನ್ ಕೂಡ ಇವೆ. ತಾರೀಕು ಮಾತ್ರ ಇಲ್ಲ. "ಮಾಮ, ಜಪಾನ್ ಥರ ಒಂದು ಕ್ಯಾಲೆಂಡರ್ ಮಾಡಿಕೊಡಿ. ನೀವು ದಿನಾ ಪಂಚಾಂಗ ನೋಡ್ತೀರಲ್ಲ" ಅಂದ. ಪಂಚಾಂಗ ನೋಡುವವನಿಗೆ ಜಪಾನೂ ಗೊತ್ತಿರುತ್ತೆ ಅನ್ನುವ ಅವನ ನಂಬಿಕೆ ಕೇಳಿ ಖುಷಿಯಾಯಿತು.

ಅರ್ಧ ಗಂಟೆಯಲ್ಲಿ ಮುಗಿಸಿದೆ. ಹನ್ನೆರಡು ತಿಂಗಳು, ತಿಂಗಳಿಗೆ ಮೂವತ್ತು ದಿನ, ಉಳಿದ ಐದು ದಿನ ಹಬ್ಬ. ಹುಡುಗ ಮುಖ ಹುಳ್ಳಗೆ ಮಾಡಿದ. "ಇದು ಬ್ಯಾಂಕಲ್ಲಿ ಪುಕ್ಕಟೆ ಕೊಡೋ ಕ್ಯಾಲೆಂಡರ್ ಥರ ಇದೆ ಮಾಮ."

ಸರಿ, ಜಪಾನಿನವರು ನಿಜಕ್ಕೂ ಏನು ಮಾಡಿದ್ದರು ಅಂತ ಓದಲು ಕೂತೆ. ಓದಿದಷ್ಟೂ ನನ್ನ ಐದು ಹಬ್ಬದ ದಿನಗಳ ಬಗ್ಗೆ ನಾಚಿಕೆಯಾಯಿತು.

ಅವರ ಹಳೇ ಲೆಕ್ಕದಲ್ಲಿ ಹತ್ತನೇ ತಿಂಗಳ ಹೆಸರು ಕನ್ನಜುಕಿ. ದೇವರಿಲ್ಲದ ತಿಂಗಳು ಅಂತ ಜನ ಅರ್ಥ ಹೇಳುತ್ತಾರೆ. ಪಂಡಿತರ ಅರ್ಥ ಬೇರೆ, ಇರಲಿ. ಆ ತಿಂಗಳು ದೇಶದ ದೇವರೆಲ್ಲ ಇಜುಮೋ ಅನ್ನುವ ಊರಿಗೆ ಸಭೆಗೆ ಹೋಗುತ್ತಾರಂತೆ. ಇಜುಮೋದಲ್ಲಿ ಮಾತ್ರ ಅದೇ ತಿಂಗಳಿಗೆ ದೇವರಿರುವ ತಿಂಗಳು ಅಂತ ಹೆಸರು. ಎಬಿಸು ಅನ್ನುವ ದೇವರೊಬ್ಬ ಮನೆ ಕಾಯಲು ಊರಲ್ಲೇ ಉಳಿಯುತ್ತಾನೆ. ಪಾಪ, ಪ್ರತಿ ಮನೆಯಲ್ಲೂ ಮದುವೆಗೆ ಹೋಗದೆ ಬಾಗಿಲು ಕಾಯುವವರು ಒಬ್ಬರು ಇದ್ದೇ ಇರುತ್ತಾರಲ್ಲ, ಹಾಗೆ. "ಕನ್ನ ಹಾಕೋಕೆ ಒಳ್ಳೇ ತಿಂಗಳು" ಅಂದೆ. ಹುಡುಗ ನಗಲಿಲ್ಲ, ಬರೆದುಕೊಂಡ. ಅವನ ಆಟದಲ್ಲಿ ಕಳ್ಳರ ಸಂಘವೂ ಇದೆಯಂತೆ.

ವರ್ಷದ ಎಣಿಕೆ ಇನ್ನೂ ಮಜ. ಹೊಸ ಚಕ್ರವರ್ತಿ ಬಂದರೆ ಹೊಸ ಹೆಸರು, ಎಣಿಕೆ ಮತ್ತೆ ಒಂದರಿಂದ. ಶೋವಾ 64 ಅನ್ನುವ ವರ್ಷ ಇದ್ದದ್ದು ಬರೀ ಏಳು ದಿನ. 1989ರ ಜನವರಿ 7ಕ್ಕೆ ಚಕ್ರವರ್ತಿ ತೀರಿಕೊಂಡರು, 8ಕ್ಕೆ ಹೇಸೇ 1 ಶುರು. ಆ ಹೇಸೇ 2019ರಲ್ಲಿ 31ಕ್ಕೇ ನಿಂತು ರೇವಾ ಬಂತು. ಆದರೆ ಹಳೇ ಡ್ರೈವಿಂಗ್ ಲೈಸೆನ್ಸುಗಳ ಮೇಲೆ 'ಹೇಸೇ 33ರವರೆಗೆ' ಅಂತ ಅಚ್ಚಾಗಿತ್ತು. ಬರದೇ ಹೋದ ವರ್ಷದವರೆಗೆ ಗಾಡಿ ಓಡಿಸಲು ಪರವಾನಗಿ!

ಹಿಂದೆ ಚಕ್ರವರ್ತಿ ಗಟ್ಟಿಮುಟ್ಟಾಗಿದ್ದಾಗಲೂ ಹೆಸರು ಬದಲಾಗುತ್ತಿತ್ತು. ಭೂಕಂಪ, ಬೆಂಕಿ, ರೋಗ ಬಂದರೆ ಈ ಹೆಸರೇ ಸರಿಯಿಲ್ಲ ಅಂತ ಬೇರೆ ಇಡುತ್ತಿದ್ದರು. ನಮ್ಮಲ್ಲಿ ಅರವತ್ತು ಸಂವತ್ಸರಗಳು ಸರದಿಯ ಮೇಲೆ ಬರುತ್ತವೆ. ಕ್ರೋಧಿ ಬರಲಿ, ಪರಾಭವ ಬರಲಿ, ಒಬ್ಬಟ್ಟು ತಿಂದು ಸುಮ್ನೆ ಇರುತ್ತೇವೆ. ಅವರು ಹುಡುಕಿ ಹುಡುಕಿ ಒಳ್ಳೇ ಹೆಸರು ಇಡುವವರು. ಒಮ್ಮೆ ಅರಮನೆಗೆ ಬೆಂಕಿ, ಮೇಲೆ ಭೂಕಂಪ, ಸಾಲದ್ದಕ್ಕೆ ಅಮೆರಿಕದ ಯುದ್ಧ ಹಡಗುಗಳು ಬಂದವು ಅಂತ ಹೆಸರು ಬದಲಿಸಿ ಅನ್ಸೇ ಅಂತ ಇಟ್ಟರು. ನೆಮ್ಮದಿಯ ಆಡಳಿತ ಅಂತ ಅರ್ಥ. ವರ್ಷ ತುಂಬುವ ಮೊದಲೇ, 1855ರಲ್ಲಿ, ಎದೋ ನಗರ, ಅಂದರೆ ಇವತ್ತಿನ ಟೋಕಿಯೋ, ಭೂಕಂಪಕ್ಕೆ ನಲುಗಿಹೋಯಿತು. ಇವತ್ತಿಗೂ ಅದನ್ನು ಅನ್ಸೇ ಭೂಕಂಪ ಅಂತಲೇ ಕರೆಯುತ್ತಾರೆ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ 1872. ಜಪಾನಿನ ಹಳೇ ಲೆಕ್ಕ ಚಂದ್ರನದು, ನಮ್ಮ ಹಾಗೇ ಎರಡು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ. ಮುಂದಿನ ವರ್ಷ ಅಧಿಕ ಬರುವುದಿತ್ತು. ನೌಕರರಿಗೆ ತಿಂಗಳ ಸಂಬಳ ಶುರುವಾಗಿತ್ತು. ಅಂದರೆ ಹದಿಮೂರು ಸಂಬಳ! ಬೊಕ್ಕಸ ನೋಡಿದರೆ ಖಾಲಿ. ಹನ್ನೆರಡನೇ ತಿಂಗಳ ಎರಡನೇ ದಿನ ರಾತ್ರಿ ಮಲಗಿದವರು ಎದ್ದಾಗ 1873ರ ಜನವರಿ 1, ಹೊಸ ಕ್ಯಾಲೆಂಡರ್. ಅಧಿಕದ ಸಂಬಳ ಹೋಯಿತು. ಎರಡೇ ದಿನದ ಹನ್ನೆರಡನೇ ತಿಂಗಳಿಗೆ ಯಾರು ಕೊಡುತ್ತಾರೆ, ಅದೂ ಹೋಯಿತು. ಮುಂದಿನ ವರ್ಷದ ಪಂಚಾಂಗ ಅಚ್ಚು ಹಾಕಿಸಿಟ್ಟಿದ್ದವರ ಗೋಳು ಬೇರೆ. ಜನರಿಗೆ ಈ ಸುದ್ದಿ ತಿಳಿಸಿದ್ದು ಬರೀ ಮೂರು ವಾರ ಮೊದಲು. ಮೂವತ್ತು ವರ್ಷ ಒಂದನೇ ತಾರೀಕಿಗೆ ಕಾದವನು ನಾನು. ಆ ಗುಮಾಸ್ತರ ಹೆಂಡಂದಿರು ಕಿರಾಣಿ ಅಂಗಡಿಯಲ್ಲಿ ಏನು ಹೇಳಿರಬಹುದು ಅಂತ ಯೋಚಿಸಿ ಮಗ್ಗುಲು ಬದಲಾಯಿಸಿದೆ.

ಇದನ್ನೆಲ್ಲ ಹುಡುಗನಿಗೆ ಕೊಟ್ಟೆ. ಜೊತೆಗೆ ಅವರ ಎಪ್ಪತ್ತೆರಡು ಪುಟಾಣಿ ಋತುಗಳನ್ನೂ ಕೊಟ್ಟೆ. ಐದೈದು ದಿನಕ್ಕೊಂದು, ಒಂದೊಂದಕ್ಕೂ ಒಂದು ಹೆಸರು. ಜೂನ್ ನಡುವಿನದು 'ಕೊಳೆತ ಹುಲ್ಲು ಮಿಂಚುಹುಳುವಾಗುತ್ತದೆ'. ನಾನು ಅದನ್ನೇ ಎರಡು ಸಲ ಓದಿ ಹೇಳಿದೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಮುಂದಿನ ಭಾನುವಾರ ರಾತ್ರಿ ಫೋನ್ ಬಂತು. "ಮಾಮ, ಆ ಸಂಬಳದ ಐಡಿಯಾ ಹಾಕಿದೆ. ಸೈನ್ಯ ದಂಗೆ ಎದ್ದಿದೆ. ಚಕ್ರವರ್ತಿ ಸತ್ತ. ಬೇಗ ಹೊಸ ವರ್ಷಕ್ಕೆ ಒಂದು ಹೆಸರು ಹೇಳಿ, ಎಲ್ಲರೂ ಕಾಯ್ತಾ ಇದ್ದಾರೆ."

"ಮಿಂಚುಹುಳು" ಅಂದೆ.

ಆ ಕಡೆ ದಾಳ ಉರುಳುವ ಸದ್ದು ಕೇಳಿಸಿತು.