ಬಸ್ ಸ್ಟಾಪ್ ಬಗ್ಗೆ ಕೇಳೋಕೆ ನಮ್ಮ ವಾರ್ಡಿಗೆ ಯಾರಿದ್ದಾರೆ?

ಹೋದ ವಾರ ಅಮ್ಮನ್ನ ಕರ್ಕೊಂಡು ಬನಶಂಕರಿ ಕಡೆಯಿಂದ ಕೆ.ಆರ್. ಮಾರ್ಕೆಟ್ಟಿಗೆ ಹೊರಟಿದ್ದೆ. ಮನೆಯಿಂದ ಸ್ಟಾಪಿಗೆ ನಂಗೆ ಐದು ನಿಮಿಷದ ದಾರಿ, ಅಮ್ಮನಿಗೆ ಮಂಡಿನೋವು, ಇಪ್ಪತ್ತು ನಿಮಿಷ ಹಿಡೀತು. ಫುಟ್‌ಪಾತ್ ಮಧ್ಯದಲ್ಲೇ ಟ್ರಾನ್ಸ್‌ಫಾರ್ಮರು, ಅದನ್ನ ಬಳಸ್ಕೊಂಡು ರೋಡಿಗಿಳೀಬೇಕು, ಬೈಕ್‌ಗಳು ಮೈಗೆ ತಾಗೋ ಹಾಗೆ ಹೋಗ್ತಿರ್ತವೆ, ಮತ್ತೆ ಹತ್ತೋಣ ಅಂದ್ರೆ ಮೊಣಕಾಲೆತ್ತರ, ಹತ್ತಿದ್ಮೇಲೆ ಚಪ್ಪಡಿ ಕಲ್ಲು ಕಾಲಡಿ ಅಲ್ಲಾಡುತ್ತೆ, ಕೆಳಗೆ ಮೋರಿ. ಅಮ್ಮ ಒಂದು ಕೈಲಿ ನನ್ನ ಭುಜ, ಇನ್ನೊಂದು ಕೈಲಿ ಯಾರದೋ ಕಾಂಪೌಂಡ್ ಗೋಡೆ ಹಿಡ್ಕೊಂಡೇ ಬಂದ್ರು. ಸ್ಟಾಪಲ್ಲಿ ನೆರಳೇ ಇಲ್ಲ. ರೋಡ್ ಕೆಲಸಕ್ಕೆ ಅಂತ ಕಿತ್ತ ಶೆಲ್ಟರ್ ಎರಡು ವರ್ಷ ಆದ್ರೂ ವಾಪಸ್ ಬಂದಿಲ್ಲ, ಮೆಡಿಕಲ್ ಶಾಪ್ ಮೆಟ್ಟಿಲ ಮೇಲೆ ಕೂತ್ಕೊಂಡ್ವಿ.

ಅದನ್ನ ಕೇಳೋಕೆ ಒಂದು ಆಫೀಸಿಗೆ ಹೋದೆ. ನಮಗೆ ಬರಲ್ಲ ಅಂತ ಇನ್ನೊಂದು ಆಫೀಸಿಗೆ ಕಳ್ಸಿದ್ರು. ಅಲ್ಲಿದ್ದೋರು ಕೂರಿಸಿ ಸಮಾಧಾನವಾಗೇ ಕೇಳಿದ್ರು, ಕೊನೇಲಿ "ಕಾರ್ಪೊರೇಟರ್ ಇದ್ದಿದ್ರೆ ಅವರಿಂದ ಒಂದು ಲೆಟರ್ ತನ್ನಿ ಅಂತಿದ್ದೆ ಮೇಡಂ" ಅಂದ್ರು.

ಆ ಮಾತು ತಲೆಯಿಂದ ಹೋಗ್ತಿಲ್ಲ. ಬೆಂಗಳೂರಲ್ಲಿ ಪಾಲಿಕೆಗೆ ನಾವು ಕೊನೇ ಸಲ ಓಟು ಹಾಕಿದ್ದು 2015ರ ಆಗಸ್ಟಲ್ಲಿ. 198 ವಾರ್ಡಿನ ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿಗೆ ಮುಗೀತು, ಅಲ್ಲಿಂದ ಆಡಳಿತಾಧಿಕಾರಿಗಳ ಕೈಲಿ ಊರು ನಡೀತು. 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆ ಆಯ್ತು, ಆಗಲೂ ನಾವು ಆರಿಸಿದ ಒಬ್ಬ ಸದಸ್ಯರೂ ಇರ್ಲಿಲ್ಲ.

ಇದೇ ಟೈಮಲ್ಲಿ ಏನೇನು ತೀರ್ಮಾನ ಆಯ್ತು ನೋಡಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆ, 17 ಸಾವಿರ ಕೋಟಿಗೂ ಮೇಲೆ ಖರ್ಚು. ಕೌನ್ಸಿಲ್ ಇದ್ದಿದ್ರೆ ಅದು ನಿಲ್ತಿತ್ತು ಅಂತ ನಾನು ಹೇಳ್ತಿಲ್ಲ, ಕಾರ್ಪೊರೇಟರ್‌ಗಳೆಲ್ಲ ಬಂಗಾರ ಅಂತಾನೂ ಅಲ್ಲ, ಆದ್ರೆ ಅಷ್ಟು ದುಡ್ಡು ಮುಖ್ಯವಾಗಿ ಕಾರಲ್ಲಿ ಹೋಗೋರಿಗೆ ಹಾಕ್ತೀರಲ್ಲ, ನಮ್ಮ ವಾರ್ಡಿನ ಫುಟ್‌ಪಾತ್‌ಗೆ ಎಷ್ಟು ಇಟ್ಟಿದ್ದೀರಿ ಅಂತ ಎಲ್ಲರ ಮುಂದೆ ಎದ್ದು ಕೇಳೋ ಒಂದು ದನಿ ಇರ್ತಿತ್ತು, ಅದಕ್ಕೆ ಬಂದ ಉತ್ತರ ದಾಖಲೆಗೂ ಹೋಗ್ತಿತ್ತು.

ಬಸ್ಸಿಗೆ ಜಾಗ ಕೊಡೋದು ಈ ಊರಿಗೆ ಗೊತ್ತಿಲ್ದೇ ಏನಿಲ್ಲ. 2019ರಲ್ಲಿ ಔಟರ್ ರಿಂಗ್ ರೋಡಲ್ಲಿ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ರು, ಆಮೇಲೆ ಕೋವಿಡ್ಡು, ಮೆಟ್ರೋ ಕೆಲಸ, ಲೇನ್ ಮಾಯ ಆಯ್ತು. 2023ರ ಜೂನಲ್ಲಿ ಶಕ್ತಿ ಯೋಜನೆ ಶುರುವಾದ್ಮೇಲೆ ಬಸ್ಸಲ್ಲಿ ಹೆಂಗಸರು ಎಷ್ಟು ಜಾಸ್ತಿ ಆಗಿದ್ದಾರೆ ಅಂತ ದಿನಾ ಓಡಾಡೋರಿಗೆ ಗೊತ್ತು. ಬೆಳಿಗ್ಗೆ ಆರೂವರೆಗೆ ಮನೆಕೆಲಸಕ್ಕೆ ಹೋಗೋ ಅಕ್ಕಂದಿರು ಅದೇ ಶೆಲ್ಟರ್ ಇಲ್ಲದ ಸ್ಟಾಪಲ್ಲಿ ಮಳೇಲಿ ಸೆರಗು ತಲೆಗೆ ಹೊದ್ದು ನಿಂತಿರ್ತಾರೆ. ಟಿಕೆಟ್ ಫ್ರೀ ಮಾಡಿದ್ರಿ, ತುಂಬಾ ಸಂತೋಷ, ನಿಲ್ಲೋಕೂ ಒಂದು ಜಾಗ ಕೊಡಿ.

ದಯವಿಟ್ಟು ಎಲೆಕ್ಷನ್ ಮುಂದೂಡ್ಬೇಡಿ. ವಾರ್ಡ್ ಕಮಿಟಿ ಸಭೆ ಪ್ರತಿ ತಿಂಗಳು ತಪ್ಪದೇ ಕರೀರಿ, ಆರೂವರೆ ಬಸ್ಸಿನವರೂ ಬರೋಕಾಗೋ ಹೊತ್ತಲ್ಲಿ ಕರೀರಿ. ನಮ್ಮ ಬೀದಿಯವರು ಅರ್ಜಿ ಬರ್ದು ಸಹಿ ಹಾಕಿಸ್ತಾ ಇದ್ದೀವಿ. ಮೊದಲನೇ ಸಹಿ ಅಮ್ಮಂದು, ಹಾಕಿ ಪೆನ್ ವಾಪಸ್ ಕೊಡೋವಾಗ "ಶೆಲ್ಟರ್ ಒಳಗೆ ಕೂರೋಕೆ ಬೆಂಚೂ ಬೇಕು ಅಂತ ಸೇರ್ಸು" ಅಂದ್ರು. ಸೇರ್ಸಿದ್ದೀನಿ.